ಮರಾಠಿಯಲ್ಲಿ ಕೊಟ್ಟ ಸಲಹೆ

ನನ್ನ ಕಕ್ಷಿದಾರರಿಗೆ ಕನ್ನಡ ಓದಲು ಬರುವುದಿಲ್ಲ. ಅವರು ಬೆಳಗಾವಿ ಜಿಲ್ಲೆಯ ಗಡಿಯ ಕಡೆಯವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ನನ್ನ ಜೊತೆ ಕನ್ನಡದಲ್ಲಿ ಹರಟೆ ಹೊಡೆಯುತ್ತಾರೆ, ಜಗಳ ಆಡುತ್ತಾರೆ, ಒತ್ತಾಯ ಮಾಡಿ ಉಣ್ಣಿಸುತ್ತಾರೆ. ಕನ್ನಡದ ಅಕ್ಷರ ಮುಂದಿಟ್ಟರೆ ಮಾತ್ರ "ಇವು ನಿಮ್ಮವ್ರಿ, ನನಗ ಒಲಿಯೂದಿಲ್ಲ" ಎಂದು ನಗುತ್ತಾರೆ. ಇದನ್ನು ಬರೆಯುವ ಧೈರ್ಯ ನನಗೆ ಬಂದದ್ದು ಅದರಿಂದಲೇ.

ಪುಣೆಯ ನಿಗಡಿಯಲ್ಲಿ ಅವರದೊಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಇತ್ತು. ತಗಡು ಕತ್ತರಿಸುವ ವರ್ಕ್‌ಶಾಪುಗಳಿಗೆ ಒಂದು ಪ್ರೋಗ್ರಾಮ್ ಮಾಡಿಕೊಡುತ್ತಿದ್ದರು. ದರ್ಜಿ ಒಂದೇ ಬಟ್ಟೆಯಲ್ಲಿ ತೋಳು, ಬೆನ್ನು, ಕಾಲರು ಎಲ್ಲವನ್ನೂ ಹೊಂದಿಸಿ ಗೆರೆ ಹಾಕುತ್ತಾನಲ್ಲ, ಹಾಗೆ ಒಂದು ತಗಡಿನ ಮೇಲೆ ಹತ್ತಾರು ಬಿಡಿಭಾಗಗಳನ್ನು ಆದಷ್ಟು ಕಡಿಮೆ ದಂಡವಾಗುವಂತೆ ಹಾಸಿ ತೋರಿಸುವ ಪ್ರೋಗ್ರಾಮ್ ಅದು. ಆ ಬಿಡಿಭಾಗಗಳ ನಕ್ಷೆಯನ್ನು ಮಾತ್ರ ವರ್ಕ್‌ಶಾಪಿನವರು ಬೇರೊಂದು ಕಂಪನಿಯ ಸಾಫ್ಟ್‌ವೇರಿನಲ್ಲಿ ಬರೆಯುತ್ತಿದ್ದರು. ಆ ಕಂಪನಿ ಬಹಳ ದೊಡ್ಡದು, ಅದರ ಹೆಸರು ಇಲ್ಲಿ ಬೇಡ.

ಒಂದು ದಿನ ಶಿವಾಜಿನಗರದ ನನ್ನ ಕಚೇರಿಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಕೂತವರೇ ಅದನ್ನು ತೆರೆದು ನನ್ನ ಕಡೆ ತಿರುಗಿಸಿದರು.

"ನೋಡ್ರಿ ವಕೀಲ್ರ, ಇದು ಅವರ ಹಳೇ ವರ್ಷನ್. ಒಂದು ಗುಂಡಿ ಒತ್ತಿದ್ರ ನಕ್ಷಿ ಸೀದಾ ನಮ್ಮ ಪ್ರೋಗ್ರಾಮಿಗೆ ಬರತದ. ಈಗ ಹೊಸಾದು ನೋಡ್ರಿ." ಒತ್ತಿದರು. ಏನೂ ಬರಲಿಲ್ಲ. "ಬಾಗಲಾ ಹಾಕ್ಯಾರ. ಮ್ಯಾಲೆ ತಮ್ಮದೇ ಒಂದು ತಗಡು ಹಾಸೂ ಪ್ರೋಗ್ರಾಮ್ ಫುಕಟ್ ಕೊಡ್ಲಿಕ್ಕೆ ಹತ್ಯಾರ."

"ಫುಕಟ್ ಕೊಟ್ರ ಗಿರಾಕಿಗೆ ಛಲೋನ ಅಲ್ಲೇನ್ರಿ?" ಎಂದೆ. ಎದುರಾಳಿ ಕೇಳುವ ಪ್ರಶ್ನೆಯನ್ನು ಮೊದಲು ನಾವೇ ಕೇಳಿಬಿಡುವುದು ವಕೀಲರ ಚಟ.

"ನಮ್ಮ ಅಂಗಡಿ ಮುಚ್ಚೂತನಕ ಫುಕಟ್. ಆಮ್ಯಾಲೆ?"

ದೆಹಲಿಯಲ್ಲಿ ಇಂಥ ದೂರುಗಳನ್ನು ಕೇಳುವ ಆಯೋಗಕ್ಕೆ ನಾವು ಸಲ್ಲಿಸಿದ ಅರ್ಜಿಯ ತಿರುಳು ಈ ಒಂದು ಮಾತೇ. ಅದನ್ನು ಕಾನೂನಿನ ಭಾಷೆಗೆ ಇಳಿಸುವಾಗ ಮಾತ್ರ ಬೆವರು ಹರಿಯಿತು. ದೊಡ್ಡವನು ಸಣ್ಣವನನ್ನು ತುಳಿದ ಎಂದು ಅಳುವುದು ವಾದವಲ್ಲ. ಮೊದಲು ಯಾವ ಮಾರುಕಟ್ಟೆ ಎಂದು ಹೇಳಬೇಕು, ಆ ಮಾರುಕಟ್ಟೆಯಲ್ಲಿ ಎದುರಾಳಿಯ ಮಾತೇ ನಡೆಯುತ್ತದೆ ಎಂದು ತೋರಿಸಬೇಕು, ಆಮೇಲೆ ಆ ಬಲವನ್ನು ಕೆಟ್ಟದ್ದಕ್ಕೆ ಬಳಸಿದ್ದಾರೆ ಎನ್ನುವುದಕ್ಕೆ ಬರಬೇಕು. ದೊಡ್ಡವನಾಗಿರುವುದು ತಪ್ಪಲ್ಲ. ದೊಡ್ಡಸ್ತಿಕೆಯನ್ನು ಹೇಗೆ ಬಳಸಿದ ಎನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ.

ಮಾರುಕಟ್ಟೆಯ ಪ್ರಶ್ನೆಯಲ್ಲೇ ನಾವು ಮೊದಲ ಸಲ ಎಡವಿದೆವು. ಕಾರ್ಖಾನೆಗಳಲ್ಲಿ ಬಳಸುವ ಎಲ್ಲ ಸಾಫ್ಟ್‌ವೇರ್ ಒಂದೇ ಮಾರುಕಟ್ಟೆ ಎಂದರೆ ಆ ದೊಡ್ಡ ಕಂಪನಿ ಹಲವರಲ್ಲಿ ಒಂದಾಗಿಬಿಡುತ್ತಿತ್ತು. ತಗಡು ಹಾಸುವ ಪ್ರೋಗ್ರಾಮುಗಳದೇ ಮಾರುಕಟ್ಟೆ ಎಂದು ನಾನು ಖುಷಿಯಿಂದ ಬರೆದ ಮೊದಲ ಕರಡನ್ನು ಓದಿ, ನಮ್ಮ ಪರವಾಗಿ ವಾದಿಸಲಿದ್ದ ದೆಹಲಿಯ ಹಿರಿಯ ವಕೀಲರು ಫೋನಿನಲ್ಲೇ ನಕ್ಕರು. "ಈ ಲೆಕ್ಕದಲ್ಲಿ ಪುಣೆಯ ಸರ್ವಾಧಿಕಾರಿ ನಿಮ್ಮ ಕಕ್ಷಿದಾರರೇ ಆಗುತ್ತಾರೆ" ಎಂದರು. ಹೌದಲ್ಲ, ಆ ಒಂದು ಸಣ್ಣ ಕೆಲಸದಲ್ಲಿ ನಮ್ಮವರೇ ಎಲ್ಲರಿಗಿಂತ ಮುಂದಿದ್ದರು! ಕೊನೆಗೆ ತಗಡಿನ ಬಿಡಿಭಾಗಗಳ ನಕ್ಷೆ ಬರೆಯುವ ಸಾಫ್ಟ್‌ವೇರ್ ಒಂದು ಮಾರುಕಟ್ಟೆ, ಹಾಸುವ ಸಾಫ್ಟ್‌ವೇರ್ ಅದರ ಪಕ್ಕದ ಇನ್ನೊಂದು ಮಾರುಕಟ್ಟೆ, ಮೊದಲನೆಯದರ ಬಲ ಹಾಕಿ ಎರಡನೆಯದನ್ನು ಹಿಡಿಯಲು ಹೊರಟಿದ್ದಾರೆ ಎಂದು ಬರೆದೆವು.

ಆಯೋಗದ ಮುಂದೆ ಎದುರು ಪಕ್ಷದ ವಾದ ನಯವಾಗಿತ್ತು. ಇವು ಎರಡು ಸರಕುಗಳೇ ಅಲ್ಲ, ಒಂದೇ ಎಂದರು. ಸ್ಕೂಟರಿನ ಜೊತೆ ಕನ್ನಡಿ ಬಂದರೆ ಕನ್ನಡಿ ಮಾರುವವನು ದೂರು ಕೊಡಬಹುದೇ ಎಂದು ಕೇಳಿದರು. ಬಾಗಿಲು ಹಾಕಿದ್ದು ಗಿರಾಕಿಗಳ ನಕ್ಷೆಗಳು ಸೋರಿಹೋಗಬಾರದೆಂಬ ಸುರಕ್ಷತೆಗೆ ಎಂದರು. ನಮ್ಮ ಹಿರಿಯ ವಕೀಲರು ಸ್ಕೂಟರಿನ ಗೋಜಿಗೆ ಹೋಗಲಿಲ್ಲ. ವರ್ಷಗಟ್ಟಲೆ ವರ್ಕ್‌ಶಾಪಿನವರು ಇವೆರಡನ್ನೂ ಬೇರೆ ಬೇರೆ ಕಡೆ, ಬೇರೆ ಬೇರೆ ಬಿಲ್ಲಿನಲ್ಲಿ ಕೊಂಡಿದ್ದಾರೆ. ಕೊಳ್ಳುವವನಿಗೆ ಎರಡಾಗಿದ್ದದ್ದು ಮಾರುವವನಿಗೆ ಒಂದಾದದ್ದು ಯಾವಾಗ ಎಂದು ಕೇಳಿದರು. ಸುರಕ್ಷತೆಗಾಗಿ ಮುಚ್ಚಿದ ಬಾಗಿಲು ಅವರದೇ ಹೊಸ ಪ್ರೋಗ್ರಾಮಿಗೆ ಮಾತ್ರ ಹೇಗೆ ತೆರೆದಿದೆ ಎಂದೂ ಕೇಳಿದರು.

ತನಿಖೆಗೆ ಆದೇಶವಾಯಿತು. ಅದನ್ನು ಓದಿದವನೇ ಕಕ್ಷಿದಾರರಿಗೆ ಫೋನ್ ಮಾಡಿ, "ಗೆದ್ದೀವಿ ನೋಡ್ರೀ! ತನಿಖಿ ಆರ್ಡರ್ ಆತು!" ಎಂದು ಕೂಗಿದೆ. ಅಂಗಿಯ ಮೇಲೆ ಕಪ್ಪು ಕೋಟು ಹಾಕಿಕೊಂಡು ಹಾಗೆ ಕೂಗಬಾರದು. ಪಕ್ಕದಲ್ಲಿದ್ದ ನನ್ನ ಜೂನಿಯರ್‌ಗೆ ಕನ್ನಡ ಬಾರದು, ಆಕೆ ಪುಣೆಯ ಮರಾಠಿಯವಳು. ನನ್ನ ದನಿ ಕೇಳಿಯೇ ವಿಷಯ ತಿಳಿದು ನಕ್ಕಳು.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ತನಿಖೆ ಮುಗಿಯುವ ತನಕ ಆ ಬಾಗಿಲನ್ನು ತೆರೆದಿಡಬೇಕೆಂದು ಮಧ್ಯಂತರ ಆದೇಶ ಕೇಳಿದೆವು, ಸಿಗಲಿಲ್ಲ. ಈಗಲೇ ತಡೆಯದಿದ್ದರೆ ಸರಿಪಡಿಸಲಾಗದ ನಷ್ಟವಾಗುತ್ತದೆ ಎನ್ನಲು ನಾವು ತೋರಿಸಿದ ಆಧಾರ ಸಾಲದು ಎಂದಿತು ಆಯೋಗ. ಆ ಹೊತ್ತು ನಿಗಡಿಯ ಕಚೇರಿಯಲ್ಲಿ ಕಕ್ಷಿದಾರರ ಎಂಜಿನಿಯರುಗಳೆಲ್ಲ ಫೋನಿನ ಸುತ್ತ ಕಾದು ಕೂತಿದ್ದರು. ಅವರಲ್ಲಿ ಹೆಚ್ಚಿನವರು ಮರಾಠಿಯವರು. ಸ್ಪೀಕರಿನಲ್ಲಿ ಎಲ್ಲರಿಗೂ ತಿಳಿಯಲೆಂದು ಮರಾಠಿಯಲ್ಲೇ ಹೇಳಿದೆ: ಆದೇಶ ಸಿಕ್ಕಿಲ್ಲ, ಎದೆಗುಂದಬೇಡಿ, ಮುಖ್ಯ ಕೇಸು ಇನ್ನೂ ಇದೆ.

ತನಿಖೆ ನಡೆಯಿತು, ಹೇಳಿಕೆಗಳಾದವು, ಗಡುವು ಮುಂದಕ್ಕೆ ಹೋಯಿತು. ಈ ನಡುವೆ ಕಕ್ಷಿದಾರರ ಎಂಜಿನಿಯರುಗಳು ಒಬ್ಬೊಬ್ಬರಾಗಿ ಖರಾಡಿಯ ದೊಡ್ಡ ಐಟಿ ಕಂಪನಿಗಳಿಗೆ ಹೋಗತೊಡಗಿದರು. ಯಾರ ಮೇಲೂ ಕಕ್ಷಿದಾರರಿಗೆ ಸಿಟ್ಟಿರಲಿಲ್ಲ. "ಹೋಗ್ಲಿ ಬಿಡ್ರಿ, ಅವರಿಗೂ ಹೊಟ್ಟಿ ಅದ" ಎನ್ನುತ್ತಿದ್ದರು. ಆದರೆ ಭಾನುವಾರ ನಾನು ಅವರ ಮನೆಗೆ ಊಟಕ್ಕೆ ಹೋದಾಗ ಬಾಗಿಲು ತೆರೆಯುವ ಮುಂಚೆಯೇ ಕೇಳುತ್ತಿದ್ದರು, "ದಿಲ್ಲಿಯಿಂದ ಏನರ ಬಂತೇನ್ರಿ?" ಅವರ ಹೆಂಡತಿಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತೇನೆ. ವೈನಿ ಒಳಗಿನಿಂದ "ಮೊದಲ ಒಳಗ ಕರೀರಿ ಅವರನ್ನ" ಎಂದು ಗದರುತ್ತಿದ್ದರು.

ಕಡೆಗೂ ತನಿಖಾ ವರದಿ ಬಂತು. ನಮಗೆ ಕೊಟ್ಟ ಪ್ರತಿಯಲ್ಲಿ ಮಾರುಕಟ್ಟೆಯ ಬಗ್ಗೆ ನಮ್ಮ ವಾದವನ್ನು ಒಪ್ಪಿದ್ದರು. ಮುಖ್ಯ ಪ್ರಶ್ನೆ ಬಾಗಿಲನ್ನು ಯಾಕೆ ಮುಚ್ಚಿದರು ಎನ್ನುವುದು: ಸುರಕ್ಷತೆಗೋ, ನಮ್ಮಂಥವರನ್ನು ಹೊರಗೆ ಹಾಕುವುದಕ್ಕೋ? ಅಲ್ಲಿಗೆ ಬಂದ ಕೂಡಲೇ ಪುಟಗಳು ಕಪ್ಪಾಗಿದ್ದವು. ದೊಡ್ಡ ಕಂಪನಿಯ ಒಳಗಿನ ಪತ್ರವ್ಯವಹಾರ ವ್ಯಾಪಾರದ ಗುಟ್ಟು ಎಂದು ಸಾಲು ಸಾಲಿಗೆ ಮಸಿ ಬಳಿದಿದ್ದರು. ಕಕ್ಷಿದಾರರು ಆ ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ಮುದ್ರಿಸಿದ ಮಸಿಯ ಹಿಂದೆ ಏನು ಕಾಣುತ್ತದೆ? ಕಾಣುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ಆದರೂ ಹಿಡಿದರು.

ಆ ಮಸಿಯ ಹಿಂದಿನದನ್ನು ಓದಲು ಒಂದು ದಾರಿ ಇದೆ. ಗೌಪ್ಯತಾ ವಲಯ ಎನ್ನುತ್ತಾರೆ. ಆಯೋಗ ಒಪ್ಪಿದ ಕೆಲವರು ಮಾತ್ರ ಒಳಗೆ ಹೋಗಬಹುದು. ನಮ್ಮ ಕಡೆಯಿಂದ ಹಿರಿಯ ವಕೀಲರು, ನಾನು, ನನ್ನ ಜೂನಿಯರ್. ಸ್ವತಃ ವ್ಯಾಪಾರ ಮಾಡುವವರಾದ್ದರಿಂದ ಕಕ್ಷಿದಾರರಿಗೆ ಪ್ರವೇಶವಿಲ್ಲ. ಒಳಗೆ ಓದಿದ್ದನ್ನು ಯಾರಿಗೂ, ಕಕ್ಷಿದಾರರಿಗೂ ಹೇಳುವುದಿಲ್ಲ ಎಂದು ನಾವು ಮುಚ್ಚಳಿಕೆ ಬರೆದುಕೊಟ್ಟೆವು. ಕೇಸು ಮುಗಿದರೂ ಆ ಮಾತು ಮುಗಿಯುವುದಿಲ್ಲ.

ದೆಹಲಿಯ ಆ ಕೋಣೆಯಲ್ಲಿ ಬೆಳಿಗ್ಗೆ ಕೂತು ಸಂಜೆಗೆ ಎದ್ದೆವು. ಒಳಗೆ ಏನಿತ್ತು ಎಂದು ಇಲ್ಲಿಯೂ ಬರೆಯುವುದಿಲ್ಲ. ಹೊರಗೆ ಬಂದಾಗ ನನಗೆ ಭಯಂಕರ ಹಸಿವಾಗಿತ್ತು, ಅಷ್ಟು ಹೇಳಬಹುದು. ಮಧ್ಯಂತರ ಆದೇಶ ಕೈತಪ್ಪಿದ ಮೇಲೆ ನನಗೆ ಸರಿಯಾಗಿ ಹಸಿವೇ ಆಗಿರಲಿಲ್ಲ. ಈ ಕೇಸನ್ನು ನಡುವೆ ಬಿಡಬಾರದು ಎಂಬ ನನ್ನ ಹಳೆಯ ಅಭಿಪ್ರಾಯ ಅಂದು ಇನ್ನೂ ಗಟ್ಟಿಯಾಯಿತು.

ಹಿರಿಯ ವಕೀಲರು ನನ್ನ ತಟ್ಟೆಯ ಕಡೆ ನೋಡಿದರು. "ಪುಣೆಗೆ ಹೋದಮೇಲೆ ಹುಷಾರು. ನೀವು ಕಕ್ಷಿದಾರರ ಜೊತೆ ತೀರ ಸಲಿಗೆಯಲ್ಲಿದ್ದೀರಿ. ನಿಮ್ಮ ಮುಖ ನೋಡಿದರೂ ಅವರಿಗೆ ಗೊತ್ತಾಗುತ್ತದೆ. ಮುಚ್ಚಳಿಕೆ ಮುಖಕ್ಕೂ ಸೇರಿದ್ದು" ಎಂದರು. ಅದು ತಮಾಷೆಯಾಗಿರಲಿಲ್ಲ. ಮಾತು ಸೋರಿದರೆ ನಮ್ಮ ವಕೀಲಿ ಸನದಿಗೆ ಕುತ್ತು, ಕೇಸಿಗೂ ಕುತ್ತು.

ನನಗೆ ನನ್ನ ಗುಣ ಗೊತ್ತು. ಅವರ ಮನೆಯಲ್ಲಿ ರೊಟ್ಟಿ ಮುರಿಯುತ್ತ ಕನ್ನಡದಲ್ಲಿ ಮಾತಿಗೆ ಕೂತರೆ ನನ್ನ ಹೊಟ್ಟೆಯಲ್ಲಿ ಒಂದೂ ಉಳಿಯುವುದಿಲ್ಲ. ಅದಕ್ಕೆ ಎರಡು ನೇಮ ಮಾಡಿಕೊಂಡೆ. ಭಾನುವಾರದ ಊಟ ಬಂದ್. ಭೇಟಿ ಏನಿದ್ದರೂ ಕಚೇರಿಯಲ್ಲಿ, ಜೂನಿಯರಿನ ಎದುರಿಗೆ, ಆಕೆಗೆ ಪ್ರತಿ ಅಕ್ಷರ ತಿಳಿಯುವಂತೆ ಮರಾಠಿಯಲ್ಲಿ. ನಾಳೆ ಯಾರಾದರೂ ಅನುಮಾನ ಪಟ್ಟರೆ ಆಕೆ ಸಾಕ್ಷಿ. ಒಳ್ಳೆಯ ಏರ್ಪಾಡು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅಷ್ಟರಲ್ಲಿ ಎದುರು ಪಕ್ಷ ರಾಜಿ ಅರ್ಜಿ ಹಾಕಿತು. ಇಂಥ ಕೇಸುಗಳಲ್ಲಿ ತನಿಖಾ ವರದಿ ಬಂದ ಮೇಲೆ, ತೀರ್ಪಿಗೆ ಮುಂಚೆ, ಕಂಪನಿ ತಾನಾಗಿ ಕೆಲವು ಷರತ್ತುಗಳಿಗೆ ಒಪ್ಪಿ ಕೇಸು ಮುಗಿಸಿಕೊಳ್ಳಲು ಅವಕಾಶವಿದೆ. ಬಾಗಿಲನ್ನು ಕೆಲವು ವರ್ಷ ತೆರೆದಿಡುತ್ತೇವೆ ಎಂದರು. ಫುಕಟ್ ಪ್ರೋಗ್ರಾಮನ್ನು ಮಾತ್ರ ಜೊತೆಗೆ ಕೊಡುತ್ತಲೇ ಇರುತ್ತೇವೆ ಎಂದರು. ಬಾಗಿಲು ತೆರೆದು ಏನು ಬಂತು, ಒಳಗೆ ಗಿರಾಕಿಯೇ ಉಳಿಯದಿದ್ದರೆ? ಒಪ್ಪುವುದೂ ಬಿಡುವುದೂ ಆಯೋಗಕ್ಕೆ ಸೇರಿದ್ದು, ಆದರೆ ದೂರು ಕೊಟ್ಟವರ ಆಕ್ಷೇಪಣೆಯನ್ನು ಕೇಳಿಯೇ ಕೇಳುತ್ತದೆ. ಆಕ್ಷೇಪಣೆ ಹಾಕಬೇಕೋ ಬೇಡವೋ ಎಂದು ಕಕ್ಷಿದಾರರು ತೀರ್ಮಾನಿಸಬೇಕಿತ್ತು. ಅವರ ಕಂಪನಿ ಉಳಿಯುವುದು ಅದರ ಮೇಲಿತ್ತು.

ನಿಗಡಿಯ ಅವರ ಕಚೇರಿಗೆ ಜೂನಿಯರನ್ನು ಕರೆದುಕೊಂಡು ಹೋದೆ. ಅರ್ಧ ಮೇಜುಗಳು ಖಾಲಿ ಇದ್ದವು. ಆಕೆ ನಮ್ಮ ಲಿಖಿತ ಅಭಿಪ್ರಾಯವನ್ನು ಮರಾಠಿಯಲ್ಲಿ ಓದಿ ಹೇಳಿದಳು: ಷರತ್ತುಗಳು ಸಾಲವು, ಆಕ್ಷೇಪಣೆ ಸಲ್ಲಿಸಬೇಕು, ಎರಡೂ ಸರಕುಗಳನ್ನು ಬೇರೆ ಮಾಡುವ ತೀರ್ಪನ್ನೇ ಕೇಳಬೇಕು. ಗೌಪ್ಯ ಕಾಗದಗಳ ನೆರಳೂ ಬೀಳದಂತೆ ಒಂದೊಂದು ಸಾಲನ್ನೂ ತೂಗಿ ಬರೆದಿದ್ದೆವು. ಅಭಿಪ್ರಾಯ ಮಾತ್ರ ನೇರವಾಗಿತ್ತು, ಪ್ರಾಮಾಣಿಕವಾಗಿತ್ತು.

ಕಕ್ಷಿದಾರರು ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕನ್ನಡದಲ್ಲಿ ಕೇಳಿದರು.

"ಕಾಗದ ಇರ್ಲಿ ವಕೀಲ್ರ. ನಿಮ್ಮ ಮನಸಿನ್ಯಾಗ ಏನದ, ಅದನ್ನ ಹೇಳ್ರಿ."

ಜೂನಿಯರ್ ನನ್ನ ಮುಖ ನೋಡಿದಳು. ನನಗೆ ದೆಹಲಿಯ ಕೋಣೆ ನೆನಪಾಯಿತು. "ಆಮಚಂ ಮತ ತೇಚ ಆಹೇ" ಎಂದೆ, ಮರಾಠಿಯಲ್ಲೇ. ನಮ್ಮ ಅಭಿಪ್ರಾಯ ಅದೇ ಇದೆ ಎಂದು. ಅವರು ತಲೆಯಾಡಿಸಿದರು. ಚಹಾ ತರಿಸಿದರು. ನಾನು ಅರ್ಧ ಕುಡಿದು ಎದ್ದೆ.

ಕಾರಿನಲ್ಲಿ ಜೂನಿಯರ್, "ಸರ್, ನಾನು ಓದಿದ್ದನ್ನು ಅವರು ಕೇಳಲೇ ಇಲ್ಲ. ನಿಮ್ಮನ್ನೇ ನೋಡುತ್ತಿದ್ದರು" ಎಂದಳು. ಆಕೆಗೆ ಕಂಡದ್ದು ನನಗೆ ಕಾಣಲಿಲ್ಲ. ಒಂದು ಮಾತೂ ಸೋರಲಿಲ್ಲ ಎಂಬ ನೆಮ್ಮದಿಯಲ್ಲಿದ್ದೆ.

ಮುಂದಿನ ವಾರ ಅವರು ಫೋನ್ ಮಾಡಿ ಆಕ್ಷೇಪಣೆ ಬೇಡ ಎಂದರು. ನನಗೆ ನಂಬಿಕೆಯಾಗಲಿಲ್ಲ. ಜೂನಿಯರನ್ನೂ ಲೈನಿಗೆ ತೆಗೆದುಕೊಂಡು ಮತ್ತೆ ಮರಾಠಿಯಲ್ಲಿ ವಾದಿಸಿದೆ, ವಿರೋಧಿಸುವುದೇ ಸರಿ ಎಂದು ಇಮೇಲಿನಲ್ಲೂ ಬರೆದೆ. "ತಿಳೀತ್ರಿ, ಎಲ್ಲಾ ತಿಳೀತು. ನೀವು ಭಾಳ ತ್ರಾಸ ತಗೊಂಡೀರಿ. ಸಾಕಿನ್ನ" ಎಂದರು. ಅವರ ದನಿಯಲ್ಲಿ ನನ್ನ ಬಗ್ಗೆ ಕನಿಕರವಿತ್ತು. ಯಾಕಿರಬೇಕು ಎಂದು ನಾನು ಯೋಚಿಸಲಿಲ್ಲ.

ದೂರುದಾರರದೇ ತಕರಾರಿಲ್ಲ ಎನ್ನುವುದನ್ನೂ ಆಯೋಗ ತನ್ನ ಆದೇಶದಲ್ಲಿ ಬರೆದು ರಾಜಿಯನ್ನು ಒಪ್ಪಿತು. ತಪ್ಪು ನಡೆದಿದೆಯೋ ಇಲ್ಲವೋ ಎಂಬ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯಿತು, ಕಪ್ಪು ಪುಟಗಳು ಕಪ್ಪಾಗಿಯೇ ಉಳಿದವು. ಬಾಗಿಲು ತೆರೆಯಿತು. ಆದರೆ ಫುಕಟ್ ಸಿಗುವುದನ್ನು ಬಿಟ್ಟು ಆ ಬಾಗಿಲಲ್ಲಿ ಬರುವವರು ಯಾರು? ವರ್ಷ ತಿರುಗುವುದರೊಳಗೆ ಕಕ್ಷಿದಾರರು ನಿಗಡಿಯ ಕಚೇರಿಯ ಬೀಗದ ಕೈಯನ್ನು ಮಾಲಕರಿಗೆ ಒಪ್ಪಿಸಿದರು. ಈಗ ಅವರು ವರ್ಕ್‌ಶಾಪುಗಳಿಗೆ ಹೋಗಿ ಆ ದೊಡ್ಡ ಕಂಪನಿಯ ಸಾಫ್ಟ್‌ವೇರನ್ನು ಬಳಸುವುದು ಹೇಗೆ ಎಂದು ಕಲಿಸುತ್ತಾರೆ. ತಮ್ಮ ಪ್ರೋಗ್ರಾಮಿಗೆ ಬದಲಾಗಿ ಬಂದ ಪ್ರೋಗ್ರಾಮನ್ನೂ ಅವರೇ ಕಲಿಸುತ್ತಾರೆ. ಅದು ತಗಡನ್ನು ದಂಡ ಮಾಡುತ್ತದೆ ಎಂದು ಒಂದೆರಡು ಸಲ ನನ್ನ ಹತ್ತಿರ ಗೊಣಗಿದ್ದಾರೆ.

ಕೇಸು ಮುಗಿದ ಮೇಲೆ ನಾನು ಮತ್ತೆ ಭಾನುವಾರದ ಊಟಕ್ಕೆ ಹೋಗತೊಡಗಿದೆ. ಇತ್ತೀಚೆಗೆ ಕೆಲವು ವಾರ ತಪ್ಪಿಸಿ ಹೋದ ಒಂದು ಭಾನುವಾರ ವೈನಿ ಎಣ್ಣೆಗಾಯಿ ಮಾಡಿದ್ದರು. ಲೋಣಾವಳಾದಿಂದ ನಾನು ತಂದ ಚಿಕ್ಕಿಯನ್ನು ಡಬ್ಬಿಗೆ ತುಂಬುತ್ತ, "ಎಷ್ಟು ದಿನಾ ಆಗಿತ್ರಿ, ನಮ್ಮನ್ನ ಮರತಽ ಬಿಟ್ಟಿದ್ರಿ" ಎಂದು ಕಾಲೆಳೆದರು. ಎಲ್ಲರೂ ನಕ್ಕೆವು. ಆಗ ಕಕ್ಷಿದಾರರು ರೊಟ್ಟಿ ಮುರಿಯುತ್ತ ಹೇಳಿದರು.

"ವಕೀಲ್ರ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅವತ್ತ ಆಫೀಸಿನ್ಯಾಗ ನೀವು ಬಾಯಿ ತೆರದಕೂಡ್ಲೇ ನನಗ ತಿಳೀತು, ಆ ಕರೀ ಹಾಳಿ ಹಿಂದ ನಮ್ಮ ಉಪಯೋಗದ್ದು ಏನೂ ಇಲ್ಲ ಅಂತ."

"ಹೆಂಗ್ರಿ?" ಎಂದೆ.

"ನೀವು ಮರಾಠಿ ಮಾತಾಡಿದ್ರಿ. ಛಲೋ ಸುದ್ದಿ ಇದ್ರ ನನಗ ಕನ್ನಡದಾಗ ಹೇಳ್ತೀರಿ. ತನಿಖಿ ಆರ್ಡರ್ ಆದಾಗ ಹೆಂಗ ಒದರಿದ್ರಿ! ಬಾಗಲಾ ತೆರೀಲಿಕ್ಕೆ ಆರ್ಡರ್ ಸಿಗಲಿಲ್ಲ, ಅದನ್ನ ಮರಾಠಿಯೊಳಗ ಹೇಳಿದ್ರಿ. ಆಮ್ಯಾಲೆ ದಿಲ್ಲಿಗೆ ಹೋಗಿ ಬಂದ್ರಿ, ಮನೀಗೂ ಬರಲಿಲ್ಲ, ಬರೇ ಮರಾಠಿ. ಹೇಳೋಹಂಗಿಲ್ಲ, ಪಾಪ, ನೀವರ ಏನು ಮಾಡ್ತೀರಿ? ಕಾಗದದಾಗ ತಕರಾರು ಹಾಕ್ರಿ ಅಂದ್ರಿ, ಮನಸಿಲೆ ಬ್ಯಾಡ ಅಂದ್ರಿ. ನಾ ತಿಳಕೊಂಡೆ."

ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಇಟ್ಟೆ. ಒಂದು ಫೋನ್ ಕನ್ನಡದಲ್ಲಿ, ಒಂದು ಮರಾಠಿಯಲ್ಲಿ. ಅಷ್ಟರಿಂದ ಅವರು ನನ್ನ ಸ್ವಭಾವವನ್ನು ಕಟ್ಟಿಕೊಂಡಿದ್ದರು. ಆ ಎರಡನೆಯದು ಅವರ ಎಂಜಿನಿಯರುಗಳಿಗಾಗಿ ಮರಾಠಿಯಾಗಿತ್ತು ಎಂದು ಅವರಿಗೆ ಹೊಳೆದಿರಲಿಲ್ಲ. ನಾನಾದರೋ ಏನನ್ನೂ ಹೇಳಬಾರದೆಂದು ಬಾಯಿ ಕಟ್ಟಿಕೊಂಡು ಕೂತವನು, ಅವರಿಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿ ಬಂದಿದ್ದೆ, ಅದೂ ಉಲ್ಟಾ. ಮುಚ್ಚಳಿಕೆಯನ್ನು ಪಾಲಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆ ದಿನ ಅವರು ಬಾಗಿ ಕೇಳಿದಾಗ ಅದೇ ನಾಲ್ಕು ಮಾತನ್ನು, "ನಮ್ಮ ಅಭಿಪ್ರಾಯ ಅದಽ ಅದರಿ" ಎಂದು ಕನ್ನಡದಲ್ಲಿ ಹೇಳಿದ್ದರೆ ಯಾವ ಮುಚ್ಚಳಿಕೆಯೂ ಮುರಿಯುತ್ತಿರಲಿಲ್ಲ. ಈ ಹಳಹಳಿ ನನ್ನನ್ನು ಈಗಲೂ ಬಿಟ್ಟಿಲ್ಲ.

"ನಾ ಬರೋಬ್ಬರಿ ತಿಳಕೊಂಡಿದ್ದೆ, ಹೌದಲ್ರಿ?" ಎಂದರು.

ಹಗುರವಾಗಿಯೇ ಕೇಳಿದರು. ಆದರೆ ವೈನಿಯ ಕೈಯಲ್ಲಿದ್ದ ಚಿಕ್ಕಿಯ ಡಬ್ಬಿ ಅಲ್ಲೇ ನಿಂತಿತು. ಆ ತೀರ್ಮಾನದ ಮೇಲೆ ಅವರು ಕಂಪನಿಯನ್ನು ಬಿಟ್ಟುಕೊಟ್ಟಿದ್ದರು, ಉಳಿದ ಎಂಜಿನಿಯರುಗಳನ್ನು ಮನೆಗೆ ಕಳಿಸಿದ್ದರು. ಅಲ್ಲ ಎಂದು ನಾನು ಒಂದೇ ಒಂದು ಮಾತು ಹೇಳಿದರೆ ಮಸಿಯ ಹಿಂದಿದ್ದದ್ದೆಲ್ಲ ಈ ಅಡುಗೆಮನೆಗೆ ಬಂದುಬಿಡುತ್ತಿತ್ತು. ಬಂದರೂ ಈಗ ಅದನ್ನು ಇಟ್ಟುಕೊಂಡು ಅವರು ಮಾಡುವುದೇನು?

"ಹೌದ್ರಿ" ಎಂದೆ.

ಅವರ ಮುಖ ಸಡಿಲವಾಯಿತು. "ನೋಡು, ನಾ ಹೇಳಿರಲಿಲ್ಲೇನು?" ಎಂದು ವೈನಿಯ ಕಡೆ ತಿರುಗಿದರು. ವೈನಿ ಡಬ್ಬಿಯ ಮುಚ್ಚಳ ಹಾಕಿ ನನಗೆ ಇನ್ನೊಂದು ರೊಟ್ಟಿ ಬಡಿಸಿದರು. ಇಡೀ ಕೇಸಿನಲ್ಲಿ ನಾನು ಅವರಿಗೆ ಹೇಳಿದ ಸುಳ್ಳು ಅದೊಂದೇ. ಅದನ್ನು ಕನ್ನಡದಲ್ಲಿ ಹೇಳಿದೆ, ಅವರು ನಂಬಿದರು.